ಕಪ್ಪು ಗಾಜಿನ ಬೊಂಬೆ

ಅಲ್ಲಾಡಿತು, ಈಗ ಅಲ್ಲಾಡಿತಲ್ಲ ತಲೆ, ಕಪ್ಪು ಗಾಜಿನ ಹಿಂದೆ, ದೀಪವಿಲ್ಲ, ಮೋಟಾರಿಲ್ಲ, ಯಾರೂ ಮುಟ್ಟಿಲ್ಲ, ಆದರೂ ಆ ತಂಜಾವೂರು ಬೊಂಬೆ ಕತ್ತಲಲ್ಲಿ ಕೂತು ಇಲ್ಲ ಇಲ್ಲ ಅನ್ನುತ್ತಿದೆ — ಏಸಿಯ ಗಾಳಿಯಿರಬೇಕು, ಗಾಳಿ ಎಲ್ಲಿಂದ ಬಂತು, ಆ ಪೆಟ್ಟಿಗೆಯ ಸಂದುಗಳಿಗೆ ಮೇಣ ಹಚ್ಚಿದವಳು ನಾನೇ, ಈ ಕೋಣೆಯ ಗೋಡೆಗಳೊಳಗೆ ತೆಂಗಿನ ನಾರು ತುಂಬಿಸಿದವಳೂ ನಾನೇ, ಹೊರಗೆ ನುಂಗಂಬಾಕ್ಕಂ ರಸ್ತೆಯ ಬಸ್ಸುಗಳು ಎಷ್ಟೇ ಬಾಯಿ ಬಡಿದುಕೊಂಡರೂ ಒಳಗೆ ಸೊಳ್ಳೆಯ ಸದ್ದೂ ಬರಕೂಡದು ಎಂದು ಬಡಗಿಯ ತಲೆ ತಿಂದಿದ್ದೆ, ಈಗ ಕೂತು ಅನುಭವಿಸು ಶಿಲ್ಪಾ, ಕಿವಿಗೆ ಹೆಡ್‌ಫೋನು, ಅದರ ತುಂಬ ಬರೀ ಭೋರ್ಗರೆತ, ತೊಡೆಯ ಮೇಲೆ ಮಧುರಾ, ಇನ್ನೂ ವರ್ಷ ತುಂಬದ ನನ್ನ ಮಗಳು, ಅವಳ ನೆತ್ತಿಯಿಂದ ಹರಳೆಣ್ಣೆಯ ವಾಸನೆ, ಎದುರಿಗೆ ಕನ್ನಡಿಯಂಥ ಕಿಟಕಿ, ಅದರಾಚೆ ನನ್ನ ಜೊತೆ ಕೆಲಸ ಮಾಡುವ ತಮಿಳು ಹುಡುಗ ಕಿಟ್ಟು, ಅವನಿಗೆ ನಾವು ಕಾಣುತ್ತೇವೆ, ನಮಗೆ ಅವನು ಕಾಣುವುದಿಲ್ಲ, ಬಲಕ್ಕೆ ಸ್ಪೀಕರು, ಅದರ ಮೇಲೆ ಬೊಂಬೆಯ ಪೆಟ್ಟಿಗೆ. ಸದ್ದು ಬಂದಾಗ ಮಗು ಬಲಕ್ಕೆ ತಿರುಗಬೇಕು, ತಿರುಗಿದರೆ ಪೆಟ್ಟಿಗೆಯೊಳಗೆ ದೀಪ ಹತ್ತಿ ಬೊಂಬೆ ತಲೆಯಾಡಿಸಿ ಕುಣಿಯುತ್ತದೆ, ಅದೇ ಬಹುಮಾನ, ಸದ್ದಿಲ್ಲದೆ ತಿರುಗಿದರೆ ಬರೀ ಕತ್ತಲೆ. ಮಾತು ಬಾರದ ಕೂಸನ್ನು ನಿನಗೆ ಕೇಳಿಸುತ್ತದೆಯೇ ಎಂದು ವಿಚಾರಿಸುವ ಯಂತ್ರ, ಬೇರೆಯವರ ಮಕ್ಕಳಿಗೆಂದು ಕಟ್ಟಿದ್ದು, ನನ್ನದನ್ನೇ ತಂದು ಕೂರಿಸುತ್ತೇನೆಂದು ಯಾರು ಎಣಿಸಿದ್ದರು.

ಮೊದಮೊದಲು ಎಷ್ಟು ಚೆಂದ ತಿರುಗುತ್ತಿದ್ದಳು, ಸದ್ದು ಬಂದರೆ ಸಾಕು, ಟಕ್ಕನೆ ಬಲಕ್ಕೆ, ದೀಪ ಹತ್ತುತ್ತಿತ್ತು, ಕೇಕೆ ಹಾಕುತ್ತಿದ್ದಳು, ನಾನು ಇನ್ಶೂರೆನ್ಸ್ ಆಫೀಸಿಗೆ ಫೋನ್ ಮಾಡಿ ಗಂಡ ಶಿವರಂಜನನ ಕಿವಿ ತೂತಾಗುವಂತೆ ಕಿರುಚಿದ್ದೆ, ಕೇಳ್ಸುತ್ತೆ ಕಣ್ರೀ ನಮ್ಮ ಪುಟ್ಟಿಗೆ, ಕೇಳ್ಸುತ್ತೆ. ಮತ್ತೆ ಮನೆಯಲ್ಲಿ ಕುಕ್ಕರ್ ಕೂಗಿದರೂ ಕಣ್ಣು ಮಿಟುಕಿಸದ ಮಗು ಇಲ್ಲಿ ಮಾತ್ರ ಹೇಗೆ ತಿರುಗುತ್ತಾಳೆ — ಹಾಳು ಸಂಶಯ, ನನ್ನ ಹೊಟ್ಟೆಪಾಡೇ ಸಂಶಯಪಡುವುದು. ಸದ್ದು ಶುರುವಾಗುವಾಗ ಕೋಣೆಯ ಬಲ್ಬು ಒಂದಿಷ್ಟು ಮಂಕಾಗುತ್ತಿತ್ತು, ಅದಕ್ಕೆ ಬೇರೆ ಕನೆಕ್ಷನ್ ಕೊಟ್ಟೆ, ಆದರೂ ತಿರುಗಿದಳು, ಸ್ಪೀಕರಿನ ನಡುಕ ನೆಲ ಹಿಡಿದು ಕುರ್ಚಿಗೆ ಬರುತ್ತಿತ್ತು, ಅಡಿಗೆ ದಪ್ಪ ರಬ್ಬರು ಹಾಸಿದೆ, ಆದರೂ ತಿರುಗಿದಳು, ನನ್ನ ಬಂಗಾರ, ಒಂದೊಂದೇ ಕಳ್ಳದಾರಿ ಮುಚ್ಚುತ್ತ ಹೋದಂತೆ ನನ್ನ ಜೀವ ಹಗುರಾಗುತ್ತಿತ್ತು. ನಿನ್ನೆ ಅತ್ತೆ ಬಂದಿದ್ದರು, ಹುಬ್ಬಳ್ಳಿಯ ಶಂಕ್ರಮ್ಮನವರು, ಎರಡೂ ಕಿವಿ ಮಂದ, ಗುಡುಗಿದರೂ ಏನಂದಿ ಅನ್ನುವವರು, ತಾ ಇಲ್ಲೆ ಕೂಸಿನ್ನ, ನಾನೂ ಒಂದೀಟು ಬೊಂಬಿ ಕುಣಿಯೂದು ನೋಡ್ತೀನಿ, ಎಂದು ಇದೇ ಕುರ್ಚಿಯಲ್ಲಿ ಕೂತರು, ನಾನು ಕಿಟ್ಟುವಿನ ಪಕ್ಕ ಕಿಟಕಿಯಾಚೆ ನಿಂತೆ. ಸದ್ದು ಕೊಟ್ಟ, ಮಧುರಾ ಅಜ್ಜಿಯ ಕೊರಳಿನ ಲಿಂಗದ ಬೆಳ್ಳಿ ಕರಡಿಗೆಯನ್ನು ಬಾಯಿಗಿಟ್ಟುಕೊಂಡು ಕೂತಿದ್ದಳು, ಇನ್ನೂ ಜೋರಾಗಿ ಕೊಟ್ಟ, ಕರಡಿಗೆಯನ್ನೇ ಚೀಪುತ್ತಿದ್ದಳು, ಬೊಂಬಿ ಯಾಕ ಕುಣೀವಲ್ದು ಶಿಲ್ಪಾ, ಕರೆಂಟ್ ಹೋಗೇತೇನು, ಎಂದು ಅತ್ತೆ ಒಳಗಿಂದ ಕೂಗುತ್ತಿದ್ದರು. ಕಿಟ್ಟು ನನ್ನ ಮುಖ ನೋಡಲಿಲ್ಲ. ಮೇಡಂ, ತಪ್ಪಾ ನೆನಚ್ಕೋಬೇಡಿ, ನಿಮ್ಮ ಮಡಿಲಲ್ಲಿ ಇದ್ರೆ ತಿರುಗ್ತಾಳೆ, ಪಾಟಿ, ಅಜ್ಜಿ, ಅವರ ಮಡಿಲಲ್ಲಿ ಇದ್ರೆ ಇಲ್ಲ, ಪಾಟಿಗೆ ಸೌಂಡ್ ಕೇಳ್ಸಲ್ಲ, ನಿಮಗೆ ಕೇಳ್ಸುತ್ತೆ, ಅಷ್ಟೇ. ನಿನ್ನ ತಲೆ ಎಂದು ಬೈದೆ. ಬೈಯುವಾಗಲೇ ಗೊತ್ತಾಗಿತ್ತು, ಸದ್ದು ಬಂದಾಗಲೆಲ್ಲ ಈಗ ತಿರುಗುತ್ತಾಳೆ, ಈಗ, ಎಂದು ಬಿಗಿಯುತ್ತಿದ್ದದ್ದು ನನ್ನ ತೊಡೆ, ಆ ಬಿಗಿತಕ್ಕೇ ಅವಳು ತಿರುಗುತ್ತಿದ್ದದ್ದು, ಬಲ್ಬು ನೋಡಿದೆ, ನೆಲ ನೋಡಿದೆ, ಮಗು ಕೂತ ಜಾಗ ಒಂದನ್ನು ಬಿಟ್ಟು ಎಲ್ಲವನ್ನೂ ನೋಡಿದೆ.

ಅದಕ್ಕೇ ಇವತ್ತು ಈ ಹೆಡ್‌ಫೋನು, ಈಗ ಕಿವುಡಿ ನಾನು, ಸದ್ದು ಬಂತೋ ಇಲ್ಲವೋ ನನಗೆ ತಿಳಿಯದು, ತಿಳಿಯದಿದ್ದರೆ ತೊಡೆ ಬಿಗಿಯದು, ಆಗ ತಿರುಗಿದರೆ ಅದು ಅವಳದೇ ಕಿವಿ, ತಿರುಗೇ ತಾಯಿ, ಒಂದೇ ಒಂದು ಸಲ. ಎಷ್ಟು ಹೊತ್ತಾಯಿತು, ದೀಪ ಹತ್ತಿಲ್ಲ, ಕಿಟ್ಟು ಇನ್ನೂ ಶುರುಮಾಡಿಲ್ಲವೇನೋ, ಪೆದ್ದ, ಅಥವಾ ಕೊಡುತ್ತಲೇ ಇದ್ದಾನೋ, ಈ ನಾರಿನ ಗೋಡೆಗಳ ನಡುವೆ ಕಿವಿಗಡಚಿಕ್ಕುವ ಸದ್ದು ನಮ್ಮಿಬ್ಬರ ಮೇಲೆ ಸುರಿಯುತ್ತಿದೆಯೋ ಏನೋ, ನಾವಿಬ್ಬರೂ ಏನೂ ಅರಿಯದೆ ಕೂತಿದ್ದೇವೆ — ಹೀಗಿರುತ್ತದೆಯೇ ನಿನಗೆ, ಯಾವಾಗಲೂ ಹೀಗೆಯೇ, ನನ್ನ ಜೋಗುಳವೂ ಬರೀ ಬಾಯಿ ತೆರೆದು ಮುಚ್ಚುವುದೇ. ಮತ್ತೆ ಅಲ್ಲಾಡಿತು, ಕಣ್ಣು ಕಿರಿದು ಮಾಡಿದರೆ ಗಾಜಿನ ಹಿಂದೆ ಬಿಳಿ ಮುಖ, ಕೆಂಪು ತುಟಿ, ಅದ್ರೊಳಗೆ ಪೇಯ್ ಇದೆ ಮೇಡಂ, ದೆವ್ವ, ವಾಪಸ್ ಕೊಟ್ಬಿಡಿ, ಎಂದು ಕಿಟ್ಟು ಮೊದಲ ದಿನವೇ ಹೆದರಿದ್ದ, ಬೊಂಬೆ ಮಾರಿದ ತ್ರಿಪ್ಲಿಕೇನ್ ಅಂಗಡಿಯವನು ಬೆರಳಿನಿಂದ ಅದರ ತಲೆ ತಟ್ಟಿ ನಿಕ್ಕವೇ ನಿಕ್ಕಾದಮ್ಮಾ ಎಂದಿದ್ದ, ನಿಲ್ಲುವುದೇ ಇಲ್ಲವಂತೆ, ನಾನು ನಕ್ಕಿದ್ದೆ. ಒಂದು ಸಲ ಒತ್ತಿಬಿಡಲೇ ತೊಡೆಯನ್ನು, ತಿರುಗುತ್ತಾಳೆ, ಯಾರಿಗೆ ಗೊತ್ತಾಗುತ್ತದೆ, ಆದರೆ ಯಾವಾಗ ಒತ್ತಲಿ, ಸದ್ದು ಯಾವಾಗ ಬರುತ್ತದೆಂದು ಯಾರಿಗೂ ಅಂದಾಜು ಸಿಗದ ಹಾಗೆ ಕಟ್ಟಿದವಳು ನಾನೇ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಬೇಡ, ಸಡಿಲ ಬಿಡು, ಕಾಲು ಸಡಿಲ, ಉಸಿರು ಸಡಿಲ — ಭೋರ್ಗರೆತ ನಿಂತಿತು, ಕಿವಿಯೊಳಗೆ ಕಿಟ್ಟುವಿನ ದನಿ, ಮೇಡಂ, ಆಯ್ತು, ಎಲ್ಲಾ ಸೌಂಡೂ ಕೊಟ್ಟಾಯ್ತು, ಕಡೇದು ಫುಲ್ ಜೋರು, ಪಾಪಾ ಒಂದ್ಸಲಾನೂ, ಸಾರಿ ಮೇಡಂ — ತೊಡೆ ಬಿಗಿಯಿತು, ನಾನು ಬಿಗಿಯಲಿಲ್ಲ, ತಾನೇ ಬಿಗಿಯಿತು, ಮಧುರಾ ಟಕ್ಕನೆ ಬಲಕ್ಕೆ ತಿರುಗಿದಳು, ಜಾಣೆ, ಎಷ್ಟು ಸರಿಯಾಗಿ ತಿರುಗಿದಳು, ನಗುತ್ತಿದ್ದಾಳೆ, ಬೆಳಕು ಬರುತ್ತದೆಂದು ಬಾಯಿ ತೆರೆದು ಕಾಯುತ್ತಿದ್ದಾಳೆ, ಸಾಕು ಚಿನ್ನ, ಮುಗಿಯಿತು, ಈ ಕಡೆ ನೋಡು, ಅಮ್ಮನನ್ನು ನೋಡು, ನೋಡುವುದಿಲ್ಲ, ಕಣ್ಣು ಕೀಳುವುದಿಲ್ಲ, ಕಪ್ಪು ಗಾಜು, ಅದರ ಹಿಂದೆ ದೀಪವಿಲ್ಲದ ತಲೆ, ಇಲ್ಲ, ಇಲ್ಲ, ಇಲ್ಲ