ಟಾಕದ ಬೆನ್ನಿಗಿದ್ದ ಬೆಳ್ಳಿ

ಇಚಲಕರಂಜಿಯ ಚಹಾದ ಅಂಗಡಿಗಳಲ್ಲಿ ಇಟಲಿಯ ಯುದ್ಧವನ್ನು ಗೆದ್ದವನು ನಾನೇ. ಮೂವತ್ತು ವರ್ಷ ಬಿಡದೆ ಗೆದ್ದೆ. ಒಮ್ಮೆ ಸೌಟಿನಿಂದ ಜರ್ಮನ್ ತೋಪಿನ ಬಾಯಿ ಮುಚ್ಚಿದೆ. ಇನ್ನೊಮ್ಮೆ ಬಿಸಿ ಬೇಳೆಯ ಹಂಡೆ ಉರುಳಿಸಿ ಇಡೀ ಒಂದು ಪಲ್ಟಣವನ್ನು ಗುಡ್ಡದಿಂದ ಇಳಿಸಿದೆ. ಮಗ್ಗದ ಮಂದಿ ನಗುತ್ತಿದ್ದರು, ಚಹಾ ಕುಡಿಸುತ್ತಿದ್ದರು. ನಾನು ಪಲ್ಟಣದ ಅಡಿಗೆಯವನಾಗಿದ್ದೆ ಎನ್ನುವುದೊಂದೇ ಅದರಲ್ಲಿ ಖರೆ. ನನ್ನ ಹೆಸರು ಗುಂಡು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು.

ಖರೆ ಯುದ್ಧ ಮಾಡಿದವನು ನಮ್ಮೂರ ಕಾಡಸಿದ್ದ. ನಮ್ಮೂರು ಗಡಹಿಂಗ್ಲಜದ ಮಗ್ಗುಲಿಗೇ ಇದೆ, ಅವನದು ಕುರಿ ಕಾಯುವ ಮನೆತನ. ಇಟಲಿಯಲ್ಲಿ ಒಂದು ಹೊಳೆ, ಅದರ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಬಾಂಬು ಬೀಳುತ್ತಿರುವಾಗ ಆ ಹೊಳೆಗಿಳಿದು, ಗಾಯಗೊಂಡ ಮೂವರನ್ನು ಕುರಿಮರಿ ಹೊತ್ತ ಹಾಗೆ ಒಬ್ಬೊಬ್ಬರನ್ನಾಗಿ ಹೊತ್ತು ಈಚೆಗೆ ತಂದ. ಮೂರನೆಯವನ ಜೊತೆ ತನ್ನ ಟೊಂಕದಲ್ಲಿ ಎರಡು ಕಬ್ಬಿಣದ ಚೂರನ್ನೂ ತಂದ. ಸರಕಾರ ಬೆಳ್ಳಿಯ ಪದಕ ಕೊಟ್ಟಿತು. ಯಾರಾದರೂ ಕೇಳಿದರೆ "ಹೊಳೀ ಭಾಳ ತಣ್ಣಗಿತ್ತು" ಎಂದು ಹೇಳಿ ಎದ್ದು ಹೋಗುತ್ತಿದ್ದ.

ಎಪ್ಪತ್ತೇಳರ ಮಳೆಗಾಲದಲ್ಲಿ ಆ ಚೂರು ಒಳಗೇ ಸರಿದು ಕಾಲು ಬಾತಿತು, ಕೀವು ಸೋರಿತು. ಇದು ತಮ್ಮ ಕೈಯಿಂದ ಆಗುವುದಲ್ಲ, ಪುಣೆಯ ಮಿಲಿಟರಿ ದವಾಖಾನೆಯಲ್ಲೇ ತೆಗೆಯಬೇಕು, ತಡವಾದರೆ ಕಾಲಿನ ಹಿಂದೆ ಜೀವವೂ ಹೋದೀತು ಎಂದು ಗಡಹಿಂಗ್ಲಜದ ಡಾಕ್ಟರರು ಹೇಳಿದರು. ಪುಣೆಯವರು ಸೇರಿಸಿಕೊಳ್ಳಬೇಕಾದರೆ ಅದು ಯುದ್ಧದ ಗಾಯವೆಂದು ದಂಡು ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ಇರಬೇಕು. ಕಾಡಸಿದ್ದನ ಬುಕ್ಕಿನಲ್ಲಿ ಸಮುದ್ರ ದಾಟಿದ್ದಕ್ಕೆ ಅಡ್ಡಗೆರೆ, ಪದಕಕ್ಕೆ ಅಡ್ಡಗೆರೆ, ಗಾಯಕ್ಕೂ ಅಡ್ಡಗೆರೆ, ಅಂದರೆ ಏನೂ ಇಲ್ಲ. ಹಡಗಿನಲ್ಲಿ ಬರುವಾಗ ಅವನ ಕಾಗದ ಕಳೆದಿದ್ದವು. ಇಲ್ಲಿ ಇಳಿದ ಮೇಲೆ ಯಾರೋ ಹೊಸ ನಂಬರು ಕೊಟ್ಟು, ಹೊಸ ಬುಕ್ಕು ಮಾಡಿ, ಮನೆಯ ಅವಸರದಲ್ಲಿದ್ದವನ ಹೆಬ್ಬೆಟ್ಟು ಒತ್ತಿಸಿದ್ದರು. ಓದಲು ಬಾರದವನು ಒತ್ತಿ ಬಂದಿದ್ದ.

ಕೊಲ್ಹಾಪುರದಲ್ಲಿ ಮಾಜಿ ಸೈನಿಕರ ಕಾಗದ ನೋಡುವ ಕಚೇರಿಗೆ ಇಬ್ಬರೂ ಹೋದೆವು. ಅಲ್ಲಿ ಬರೆಯುವ ಕೆಲಸಕ್ಕಿದ್ದವರು ಜಿನಪಾಲ ಹವಾಲ್ದಾರರು, ನಾಂದಣಿಯವರು, ನಮ್ಮ ಕನ್ನಡ ಮಾತಿನವರೇ. ಹಳೆಯ ಯಾದಿ ತರಿಸಿ ನೋಡಿದರು. ಸಮುದ್ರ ದಾಟಿ ಪದಕ ಪಡೆದ ಒಬ್ಬ ಕಾಡಸಿದ್ದ ಅದರಲ್ಲಿದ್ದ, ಆದರೆ ನಂಬರು ಬೇರೆ.

"ಆ ಕಾಡಸಿದ್ದ ನೀನ ಅಂತ ತೋರಸಬೇಕಪಾ" ಎಂದರು. "ಸಂಗಾಟ ಇದ್ದವರು ಒಬ್ರು ಸಾಕ್ಷಿ ಹೇಳ್ಲಿ. ಇಲ್ಲಾಂದ್ರ ಪದಕ ತಾ. ಅದರ ಅಂಚಿಗೆ ಹೆಸರು, ಹಳೇ ನಂಬರ ಕೆತ್ತಿರತಾರ."

ಸಾಕ್ಷಿ ನಾನಿದ್ದೆನಲ್ಲ. ಆ ಕಚೇರಿಯ ಸಾಹೇಬರ ಮುಂದೆ ಎದೆಯುಬ್ಬಿಸಿ ನಿಂತೆ. ಮೊದಲ ನಾಲ್ಕು ಮಾತು ಸರಿಯಾಗಿಯೇ ಬಂದವು. ಸಾಹೇಬರು ಪೆನ್ನು ಕೆಳಗಿಟ್ಟು ಕಿವಿಗೊಟ್ಟು ಕೇಳತೊಡಗಿದ್ದೇ ತಡ, ನಾಲಿಗೆ ಚಹಾದ ಅಂಗಡಿಯ ದಾರಿ ಹಿಡಿಯಿತು. ನಾನೂ ಹೊಳೆಗಿಳಿದೆ, ಸೊಂಟದ ತನಕ ನೀರಿತ್ತು, ಮೂರನೆಯವನ ಕಾಲು ನಾನೇ ಹಿಡಿದಿದ್ದೆ ಎಂದೆ. ಸಾಹೇಬರು ಎಲ್ಲವನ್ನೂ ಬರೆದುಕೊಂಡರು, ನಾನು ಸಹಿ ಹಾಕಿದೆ.

ತಿಂಗಳಿಗೆ ಉತ್ತರ ಬಂತು. ಆ ವಾರವೆಲ್ಲ ಅಡಿಗೆಯ ಗುಂಡು ಮಂಗನಬಾವು ಆಗಿ ದಂಡಿನ ದವಾಖಾನೆಯಲ್ಲಿ ಮಲಗಿದ್ದನೆಂದು ಹಳೆಯ ಕಾಗದ ಹೇಳುತ್ತದೆ, ಇವನ ಸಾಕ್ಷಿ ನಡೆಯುವುದಿಲ್ಲ ಎಂದಿತ್ತು.

ಹೌದು, ಮಲಗಿದ್ದೆ. ಗದ್ದ ಬಾತು ಕುಂಬಳಕಾಯಿ ಆಗಿತ್ತು. ಕಾಡಸಿದ್ದನನ್ನು ರಕ್ತ ಸೋರುತ್ತ ಹೊತ್ತು ತಂದದ್ದು ಅದೇ ದವಾಖಾನೆಗೆ. ನನ್ನ ಪಕ್ಕದ ಖಾಟಿನಲ್ಲಿ ಹನ್ನೊಂದು ದಿನ ಇದ್ದ. ನೀರು ಕುಡಿಸಿದವನು ನಾನು. ಅದೊಂದನ್ನು ಹೇಳಿದ್ದರೆ ಕೆಲಸ ಅಂದೇ ಮುಗಿಯುತ್ತಿತ್ತು. ಜಿನಪಾಲರಿಗೆ ಹೇಳಿದಾಗ ಅವರು ಹಣೆ ಹಿಡಿದುಕೊಂಡರು. "ಈಗ ನೀ ಖರೇ ಹೇಳಿದ್ರೂ ಅದು ಸುಳ್ಳ ಆತೋ ಮಾರಾಯಾ."

ಕಾಡಸಿದ್ದ ಬೈಯಲಿಲ್ಲ. ಬಸ್ಸಿನಲ್ಲಿ, ಗೋಕುಳ ಶಿರಗಾಂವ ದಾಟಿದ ಮೇಲೆ, "ನೀ ಹೇಳಿದ್ದು ಕೇಳಾಕ ಚಲೋ ಇತ್ತೋ ಗುಂಡ್ಯಾ" ಎಂದು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದ.

ಇನ್ನು ಉಳಿದದ್ದು ಪದಕ. ಅದು ಮನೆಯ ದೇವರ ಜಗಲಿಯ ಮೇಲೆ ಬೇರೆ ರೂಪದಲ್ಲಿ ಕೂತಿತ್ತು. ನಲವತ್ತಾರರಲ್ಲಿ ಕಾಡಸಿದ್ದ ತಿರುಗಿ ಬರುವ ನಾಲ್ಕು ತಿಂಗಳ ಮೊದಲು ಅವನ ತಮ್ಮ ಕೃಷ್ಣಾತ ಕಾಲರಾದಿಂದ ಸತ್ತಿದ್ದ. ನಮ್ಮಲ್ಲಿ ಸತ್ತವರ ಹೆಸರಿನಲ್ಲಿ ಬೆಳ್ಳಿಯ ತಗಡಿನ ಮೇಲೆ ಮೂರ್ತಿ ಬಡಿಸಿ ದೇವರ ಸಾಲಿನಲ್ಲಿ ಇಡುತ್ತಾರೆ, ಅದೇ ಟಾಕ. ಮನೆಯಲ್ಲಿ ಬೇರೆ ಬೆಳ್ಳಿ ಇರಲಿಲ್ಲ. ಕಾಡಸಿದ್ದ ಪದಕವನ್ನೇ ಗಡಹಿಂಗ್ಲಜದ ಪತ್ತಾರನ ಕೈಗಿಟ್ಟ. ಅದು ಕೃಷ್ಣಾತ ಆಗಿ ತಿರುಗಿ ಬಂತು.

ಕೃಷ್ಣಾತನ ಹೆಂಡತಿ ನಾಗೂಬಾಯಿಗೆ ಆಗ ಹದಿನಾರು ವರ್ಷ, ಮಕ್ಕಳಿಲ್ಲ. ತವರಿಗೆ ಹೋಗಲಿಲ್ಲ. ಅಮವಾಸ್ಯೆಗೊಮ್ಮೆ ಟಾಕವನ್ನು ಮೊಸರು ಹಚ್ಚಿ ತೊಳೆದು, ಅರಿಶಿಣದ ಭಂಡಾರ ಹಚ್ಚಿ, ಮೊದಲ ಎಡೆ ಅದಕ್ಕೆ ಹಿಡಿಯುತ್ತಿದ್ದಳು. ಹೀಗೆ ಮೂವತ್ತೊಂದು ವರ್ಷ. ಆ ಮನೆಯಲ್ಲಿ ಆಕೆಯ ಗಂಡ ಇದ್ದ, ಆದ್ದರಿಂದ ಆಕೆಯೂ ಇದ್ದಳು. ಕಾಡಸಿದ್ದನ ಹೆಂಡತಿ ಲಗಮವ್ವ ಕೂಡ ಎಂದೂ ಇದು ನಿನ್ನ ಮನೆ ಅಲ್ಲ ಎಂದವಳಲ್ಲ.

ಪದಕವನ್ನು ಕರಗಿಸಿದ್ದೇನೆ ಎಂದು ಬರೆಸಿಕೊಂಡು ಬರೋಣವೆಂದು ನಾನು ಪತ್ತಾರನ ಹತ್ತಿರ ಹೋದೆ. ಮುದುಕನ ಕಣ್ಣಿಗೆ ಪೊರೆ ಬಂದಿತ್ತು, ನೆನಪಿಗೆ ಬಂದಿರಲಿಲ್ಲ.

"ಪೂರಾ ಎಲ್ಲಿ ಕರಗಿಸೇನಿ?" ಎಂದ. "ಕೃಷ್ಣಾತನ ಮಾರಿ ಬಡಿಯಾಕ ಅರ್ಧ ಸಾಕಾತು. ಉಳಿದ ಅರ್ಧ ಹಂಗ ಬೆನ್ನಿಗಿಟ್ಟು ಅರಗು ತುಂಬೇನಿ. ನಾಳೆ ಯಾರೂ ಪತ್ತಾರ ಬೆಳ್ಳಿ ತಿಂದ ಅನಬಾರದು ನೋಡು."

ಅಂದರೆ ಅಂಚಿನ ಅರ್ಧ ಅಕ್ಷರ ಇನ್ನೂ ಒಳಗಿದ್ದವು. ತೆಗೆಯಬೇಕಾದರೆ ಟಾಕವನ್ನು ಬಿಚ್ಚಬೇಕು. ಬಿಚ್ಚಿದ ಟಾಕಕ್ಕೆ ಪೂಜೆ ಇಲ್ಲ. ಕೆಲಸ ಮುಗಿದ ಮೇಲೆ ಅದೇ ಬೆಳ್ಳಿಯಿಂದ ಮತ್ತೆ ಬಡಿದು ಕೊಡುತ್ತೇನೆ, ಮತ್ತೆ ಕೂಡಿಸಿದರಾಯಿತು ಎಂದು ಪತ್ತಾರ ಹೇಳಿದ. ಓಡಿ ಬಂದು ಕಾಡಸಿದ್ದನಿಗೆ ತಿಳಿಸಿದೆ.

"ಕಾಲ ಹೋದರ ಹೋಗ್ಲಿ" ಎಂದ. "ತಮ್ಮನ ಬೆನ್ನ ನಾ ಸೀಳಂಗಿಲ್ಲ."

ಅಷ್ಟೊತ್ತಿಗೆ ಅವನ ಕೋಣೆಗೆ ಹೋಗುವವರು ಮೂಗಿಗೆ ಬಟ್ಟೆ ಹಿಡಿದು ಹೋಗುತ್ತಿದ್ದರು. ಜ್ವರದಲ್ಲಿ ಕುರಿಗಳನ್ನು ಕರೆಯುತ್ತಿದ್ದ. ಮೂರನೆಯ ದಿನ ಬೆಳಿಗ್ಗೆ ನಾಗೂಬಾಯಿ ಯಾರನ್ನೂ ಕೇಳದೆ ಟಾಕವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ನಾನು ಹಿಂದೆ ಹಿಂದೆ ನಡೆದೆ. ಪತ್ತಾರನ ಮುಂದೆ ಗಂಟು ಬಿಚ್ಚಿಟ್ಟಳು.

"ತಗೀರಿ. ಇವರಂತೂ ಹೋದ್ರು. ಭಾವಾರ ಆದರೂ ಉಳೀಲಿ."

ಬೆಂಕಿಗೆ ಅರಗು ಕರಗಿ ವಾಸನೆ ಎದ್ದಿತು. ಕೃಷ್ಣಾತನ ಮುಖ ಸಿಪ್ಪೆಯ ಹಾಗೆ ಬಿಟ್ಟುಬಂತು. ಹಿಂದೆ ಅರ್ಧ ಚಂದ್ರದಂಥ ತುಂಡು, ಅಂಚಿಗೆ ಕರ್ರಗಿನ ಅಕ್ಷರ. ಆಕೆ ತುಂಡನ್ನು ನೋಡಲಿಲ್ಲ, ಸುಕ್ಕಾದ ತಗಡಿನ ಮುಖವನ್ನೇ ನೋಡುತ್ತ ಕೂತಳು.

ಜಿನಪಾಲರು ನಾನು ಒಯ್ದ ತುಂಡಿನ ಅಕ್ಷರಗಳನ್ನು ಯಾದಿಯ ಪಕ್ಕಕ್ಕಿಟ್ಟು ನೋಡಿ ಕುರ್ಚಿಯಿಂದ ಎದ್ದು ನಿಂತರು. ನಂಬರಿನ ನಾಲ್ಕು ಅಂಕಿ, ಹೆಸರಿನ ಅರ್ಧ, ಎಲ್ಲ ಕೂಡಿದವು. ಆದರೆ ಪದಕ ಹೀಗೇಕೆ ಆಯಿತೆಂದು ಮೇಲಿನವರೂ ನೋಡಬೇಕಂತೆ. ಪತ್ತಾರನ ಹೇಳಿಕೆಯ ಜೊತೆ ತುಂಡು, ಮುಖ ಎರಡನ್ನೂ ಬಟ್ಟೆಯಲ್ಲಿ ಹೊಲಿದು ಮುದ್ರೆ ಒತ್ತಿ ಟಪಾಲಿಗೆ ಹಾಕಿದರು. ಬುಕ್ಕಿನ ಜೊತೆಗೇ ತಿರುಗಿ ಬರುತ್ತದೆ ಎಂದರು. ಅವರು ನಂಬಿದ್ದನ್ನೇ ಹೇಳಿದರು.

ನಲವತ್ತು ದಿನಕ್ಕೆ ಬುಕ್ಕು ಬಂತು. ಮೂರು ಅಡ್ಡಗೆರೆಗಳ ಮೇಲೆ ಕೆಂಪು ಶಾಯಿಯಲ್ಲಿ ಇಟಲಿ, ಪದಕ, ಗಾಯ. ಪುಣೆಯವರು ಸೇರಿಸಿಕೊಂಡು ಎರಡೂ ಚೂರು ತೆಗೆದರು. ಕಾಲು ಎರಡು ಬೆರಳು ಗಿಡ್ಡಾಯಿತು, ಆದರೆ ಉಳಿಯಿತು. ಟಾಕ ಬರಲಿಲ್ಲ. ಜಿನಪಾಲರು ಮೂರು ಪತ್ರ ಬರೆದರು. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ, ಅಂಥ ಗಂಟು ಇಲ್ಲಿ ಸಿಗುತ್ತಿಲ್ಲ, ದಾಖಲೆ ಸರಿಯಾದ್ದರಿಂದ ಪ್ರಕರಣ ಮುಗಿದಿದೆ ಎಂದು ಬಂತು.

ಮೊದಲ ಅಮವಾಸ್ಯೆಗೆ ನಾಗೂಬಾಯಿ ಜಗಲಿ ಸಾರಿಸಿ ಆ ಜಾಗವನ್ನು ಖಾಲಿ ಬಿಟ್ಟಳು. ಎರಡನೆಯದಕ್ಕೂ ಬಿಟ್ಟಳು. ಮೂರನೆಯದಕ್ಕೆ ಲಗಮವ್ವ, ಬಣಬಣ ಕಾಣುತ್ತದೆಂದು, ಪಕ್ಕದ ದೇವರನ್ನು ಅಲ್ಲಿಗೆ ಸರಿಸಿ ಕೂಡಿಸಿದಳು. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಮರುದಿನ ನಾಗೂಬಾಯಿ ನನ್ನ ಜೊತೆ ಇಚಲಕರಂಜಿಗೆ ಬಂದಳು. ಒಂದು ಮಗ್ಗದ ಶೆಡ್ಡಿನಲ್ಲಿ ಕಾಂಡಿಗೆ ನೂಲು ಸುತ್ತುವ ಕೆಲಸ ಹಚ್ಚಿಕೊಟ್ಟೆ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಕಾಡಸಿದ್ದ ಬಡಿಗೆ ಊರಿಕೊಂಡು ಆ ಶೆಡ್ಡಿಗೆ ಬಂದ. ಕೊಲ್ಹಾಪುರಕ್ಕೆ ಹೋಗಿ ಬಂದಿದ್ದನಂತೆ. ಕೆಂಪು ಸಾಲುಗಳನ್ನು ಹೊಡೆದುಹಾಕಿ ತಮ್ಮನನ್ನು ತಿರುಗಿ ಕೊಡಿ ಎಂದು ಜಿನಪಾಲರ ಮೇಜಿನ ಮೇಲೆ ಬುಕ್ಕು ಇಟ್ಟಿದ್ದನಂತೆ. ಅವರು ಅದನ್ನು ಎತ್ತಿ ಅವನ ಕೈಗೇ ಕೊಟ್ಟು, ಇಂಥದಕ್ಕೆ ಅರ್ಜಿಯೇ ಇಲ್ಲ ಎಂದರಂತೆ. ಇದಿಷ್ಟನ್ನು ಹೇಳಿ ಆಕೆಗೆ ಬುಕ್ಕು ಚಾಚಿದ.

ನಾಗೂಬಾಯಿ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಕೆಂಪು ಶಾಯಿಯ ಮೇಲೆ ಬೆರಳಿಟ್ಟಳು.

"ಭಾವಾರ, ಇದರಾಗ ಇವರ ಹೆಸರ ಐತೇನ್ರಿ?"

ಕಾಡಸಿದ್ದನಿಗೆ ಓದಲು ಬರುವುದಿಲ್ಲ. ನನಗೂ ಇಂಗ್ಲಿಷ್ ಬರುವುದಿಲ್ಲ, ಆದರೆ ನನಗೆ ಅದು ಎಂದೂ ಅಡ್ಡಿಯಾದದ್ದಲ್ಲ. ಕೃಷ್ಣಾತನ ಹೆಸರಿನ ಪೂರಾ ಒಂದು ಸಾಲು ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದೆ.

"ಇಲ್ಲವ್ವಾ" ಎಂದ ಕಾಡಸಿದ್ದ.

ಆಕೆ ತಲೆಯಾಡಿಸಿ ಬುಕ್ಕನ್ನು ತಿರುಗಿ ಕೊಟ್ಟಳು. ಹರಿದ ಎಳೆಯನ್ನು ಗಂಟು ಹಾಕಿ ಯಂತ್ರ ಹಚ್ಚಿದಳು. ಅಲ್ಲಿ ಕೂರಲು ಜಾಗವಿರಲಿಲ್ಲ. ಕಾಡಸಿದ್ದ ಬಡಿಗೆ ಊರಿಕೊಂಡು ಹೊರಗೆ ಬಂದ. ಬಸ್‌ಸ್ಟ್ಯಾಂಡಿನ ತನಕ ನಾನು ಅವನ ಜೊತೆ ನಡೆದೆ. ದಾರಿಯ ಚಹಾದ ಅಂಗಡಿಯಿಂದ ಮಂದಿ ನನ್ನನ್ನು ಕರೆದರು, ನಾನು ನಿಲ್ಲಲಿಲ್ಲ.