ಎಡ ಎನ್ನಲು ಹೋಗಿ

ಶಾಲೆಯ ಮಕ್ಕಳನ್ನು ಬಿಟ್ಟು ಬಂದ ವ್ಯಾನು ಶನಿವಾರ ಮಧ್ಯಾಹ್ನ ಮನೆ ಮುಂದೆ ನಿಂತಾಗ ಬ್ಯಾಟರಿಯ ಕೆಂಪು ದೀಪ ಉರಿಯುತ್ತಲೇ ಇತ್ತು. ಓಡಿಸುತ್ತಿದ್ದವಳು ಸೊಸೆ. ಮೂವತ್ತೆಂಟು ವರ್ಷ ಗ್ಯಾರೇಜು ನಡೆಸಿದ್ದ ಮಾವ ಪಾರ್ಶ್ವವಾಯು ಬಡಿದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದರು. ಆರು ತಿಂಗಳಿಂದ ಊಟವಾಯಿತೇ, ಮಾತ್ರೆ ನುಂಗಿದಿರಾ ಎನ್ನುವುದು ಬಿಟ್ಟರೆ ಯಾರೂ ಅವರನ್ನು ಏನೂ ಕೇಳಿರಲಿಲ್ಲ.

“ಬ್ಯಾಟರಿ ಚಾರ್ಜ್ ಆಗ್ತಿಲ್ಲ, ಆಲ್ಟರ್ನೇಟರ್ ಕೈಕೊಟ್ಟಿದೆ ಅನ್ಸುತ್ತೆ ಮಾವ. ನೀವು ಹೇಳ್ತಾ ಹೋಗಿ, ನಾನು ಬಿಚ್ತೀನಿ.”

ಮಾವನ ಬೆನ್ನು ನೆಟ್ಟಗಾಯಿತು. “ಮೊದಲು ಬ್ಯಾಟರಿ ಮೈನಸ್ ತೆಗಿ. ಇಲ್ದಿದ್ರೆ ಕಿಡಿ ಹಾರುತ್ತೆ.”

ತೆಗೆದಳು. ಬೆಲ್ಟು ಸಡಿಲಿಸಿ ಕಳಚಿದಳು, ಹಿಂದಿನ ವೈರುಗಳನ್ನು ಬಿಡಿಸಿದಳು. ಕೆಳಗಿನ ಉದ್ದ ಬೋಲ್ಟು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.

“ಬಲಕ್ಕೆ ತಿರುಗ್ಸು. ಇನ್ನೂ ಬಲಕ್ಕೆ.”

ಸೊಸೆ ಒಂದು ಕ್ಷಣ ಅನುಮಾನಿಸಿ, ಮೈಭಾರ ಹಾಕಿ ಒತ್ತಿದಳು. ಬೋಲ್ಟು ಇನ್ನಷ್ಟು ಕಚ್ಚಿಕೊಂಡಿತು. ಆಗ ಅವರಿಗೆ ಹೊಳೆಯಿತು. ಮನಸ್ಸಿನಲ್ಲಿದ್ದದ್ದು ಎಡ, ನಾಲಿಗೆಗೆ ಬಂದದ್ದು ಬಲ. ಮೊನ್ನೆ ನೀರು ಕೇಳಲು ಹೋಗಿ ದೀಪ ಕೇಳಿದ್ದರು. ತಮಾಷೆಗೆ ಅಂದೆ ಎಂದು ನಕ್ಕು ತೇಲಿಸಿಬಿಟ್ಟಿದ್ದರು.

“ಈ ಬಾಯಿನ ನಂಬ್ಬೇಡ ಕಣಮ್ಮ,” ಎಂದರು ನೆಲ ನೋಡುತ್ತ. “ಒಂದು ಅಂದ್ಕೋತೀನಿ, ಇನ್ನೊಂದು ಬರುತ್ತೆ. ಯಾರಿಗೂ ಹೇಳಿಲ್ಲ.”

ಸೊಸೆ ಮಸಿಗೈಯಲ್ಲೇ ಬೆವರು ಒರೆಸಿಕೊಂಡಳು. “ಓಡ್ಸೋದು ಕಲಿಯುವಾಗ ನೀವು ಬ್ರೇಕ್ ಅಂದ್ರೆ ನಾನು ಆಕ್ಸಿಲರೇಟರ್ ಒತ್ತಿ ಗೇಟೇ ಮುರಿದೆ. ಆಗ ನೀವು ಬೈದ್ರಾ? ಬಾಯಿ ಹೋಗ್ಲಿ, ಕೈಯಲ್ಲಿ ತೋರ್ಸಿ.”

ಕೋಲೂರಿ ಎದ್ದು ಬಂದರು. ಕೋಲನ್ನು ಬಂಪರಿಗೆ ಒರಗಿಸಿ, ಎಡಗೈಯನ್ನು ಗಾಳಿಯಲ್ಲಿ ನಿಧಾನ ಎಡಕ್ಕೆ ತಿರುಗಿಸಿದರು. ಅವಳು ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಕಾದು, ಸ್ಪ್ಯಾನರಿಗೊಂದು ಪೈಪು ತೊಡಿಸಿ ಆ ಕಡೆಗೇ ಎಳೆದಳು. ಟಕ್ಕೆಂದು ಬಿಟ್ಟಿತು.

ಮಾವ ಮತ್ತೆ ಬಾಗಿಲಲ್ಲಿ ಕೂತ ಮೇಲೆ, ಹೊರಗೆಳೆದ ಆಲ್ಟರ್ನೇಟರನ್ನು ಗೋಣಿತಟ್ಟು ಹಾಸಿ ಅವರ ತೊಡೆಯ ಮೇಲಿಟ್ಟಳು. ಅವರು ಎಡಗೈ ಬೆರಳಿಂದ ಅದರ ಚಕ್ರ ತಿರುಗಿಸಿದರು. ಗರಗರ ಸದ್ದು.

“ಬೇರಿಂಗ್ ಸವೆದಿದೆ,” ಎಂದವರು ಅನುಮಾನದಿಂದ ತಲೆಯೆತ್ತಿದರು. “ಬೇರಿಂಗ್ ಅಂತಾನೇ ಅಂದ್ನಾ?”

“ಬೇರಿಂಗ್ ಅಂತಾನೇ ಅಂದ್ರಿ ಮಾವ.”

ಭಾನುವಾರ ಹೊಸ ಬೇರಿಂಗ್ ಕೂತಿತು. ಸೋಮವಾರ ಮಕ್ಕಳನ್ನು ಶಾಲೆಗೆ ಇಳಿಸಿ ಬಂದವಳೇ ಮಾವನನ್ನು ಅದೇ ವ್ಯಾನಿನಲ್ಲಿ ವೈದ್ಯರ ಬಳಿ ಕರೆದೊಯ್ದಳು. ನಾಲಿಗೆ ತಪ್ಪುವ ವಿಷಯವನ್ನು ಅಲ್ಲಿ ಅವರೇ, ತಡವರಿಸುತ್ತ, ಒಂದೂ ಬಿಡದೆ ಹೇಳಿದರು.