ಕೊಡದ ತಳದ ಹೆಸರು

ಸವದತ್ತಿ ಪೇಟೆಯ ಬಾಂಡೆ ಅಂಗಡಿಯಲ್ಲಿ ಪಾತ್ರೆಗಳ ಮೇಲೆ ಹೆಸರು ಹಾಕುವುದು ನನ್ನ ಕೆಲಸ. ಮೊದಲು ನಿಜಗುಣಪ್ಪಜ್ಜ ಹಾಕುತ್ತಿದ್ದರು. ಉಳಿ ಹಿಡಿದು, ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಚುಕ್ಕಿಗೆ ಚುಕ್ಕಿ ಕೂಡಿಸಿ ಅಕ್ಷರ ಮಾಡುತ್ತಿದ್ದರು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಅವರ ಕೈ ನೋಡುತ್ತ ಕಲಿತೆ. ಅವರು ಹೋದ ಮೇಲೆ ಕರೆಂಟಿನ ಪೆನ್ನು ಬಂತು. ಅದು ಸರ್ರನೆ ಗೆರೆ ಎಳೆಯುತ್ತದೆ.

ಮೊನ್ನೆ ಹೂಲಿಯಿಂದ ರಾಯವ್ವ, ಅವರ ಮಗಳು ಸ್ನೇಹಲ್ ಬಂದು ಮದುವೆಗೆಂದು ಸ್ಟೀಲಿನ ಕೊಡ ಕೊಂಡರು. ರಾಯವ್ವ ಚೀಲದಿಂದ ಹಳೆಯ ತಂಬಿಗೆಯೊಂದನ್ನು ತೆಗೆದಿಟ್ಟರು. ಅದರ ಮೇಲೆ ಅಜ್ಜನ ಚುಕ್ಕಿಗಳಲ್ಲಿ 'ರಂಜನಾ' ಎಂದಿತ್ತು.

"ಕೊಡದ ಮ್ಯಾಲೂ ಹಿಂಗ ಹಾಕವ್ವಾ. ಎರಡೂ ಒಂದ ಕೈಯಾಗ ಆದಂಗ ಕಾಣಬೇಕು."

"ಮದುಮಗಳ ಹೆಸರು ರಂಜನಾ ಏನ್ರಿ?"

"ಅಕಿ ನನ್ನ ಹಿರೇ ಮಗಳು. ಹೋದ ವರ್ಷ ತೀರಿಹೋದಳು. ಅದ ಮನಿಗೆ ಇಕಿನ್ನ ಕೊಡಾಕ ಹತ್ತೇವಿ. ಕೂಸು ಐತಿ ನೋಡು. ಅದಕ್ಕ ತಾಯಿ ಬ್ಯಾರೆ ಅನಸಬಾರದಂತ, ಇಕಿಗೂ ಅದ ಹೆಸರು ಇಡತಾರ."

"ಅಕ್ಕನ ಚಪ್ಪಲಿನೂ ಹಾಕ್ಕೊಂಡ ಹೋಗಲೇನ ಬೇ?" ಎಂದಳು ಸ್ನೇಹಲ್.

"ಬಾಯಿ ಮುಚ್ಚ. ಮಂದಿ ಕೇಳತಾರ," ಎಂದು ರಾಯವ್ವ ಬಳೆ ನೋಡಲು ಪಕ್ಕದ ಅಂಗಡಿಗೆ ಹೋದರು.

ನಾನು ಪೆನ್ನನ್ನು ಮುಟ್ಟಿಸಿ ಎತ್ತಿ, ಮುಟ್ಟಿಸಿ ಎತ್ತಿ, ಅಜ್ಜನ ಹಾಗೆಯೇ 'ರಂಜನಾ' ಎಂದು ಬರೆದೆ. ಸ್ನೇಹಲ್ ಅದನ್ನು ನೋಡಿ ಕೊಡವನ್ನು ಬೋರಲು ಹಾಕಿದಳು.

"ಅಕ್ಕಾರ, ತಳಕ್ಕ ನನ್ನ ಹೆಸರು ಹಾಕ್ರಿ. ಸಣ್ಣದು. ತಳ ಯಾರ ನೋಡತಾರ?"

ನಾನು ಪೆನ್ನನ್ನು ತಳಕ್ಕೆ ಮುಟ್ಟಿಸಿದೆ. ಕೊನೆಯ ಅಕ್ಷರ ಮುಗಿಯುವಾಗ ರಾಯವ್ವ ಬಂದು ನಿಂತಿದ್ದರು.

"ನನಗ ಓದಾಕ ಬರೂದಿಲ್ಲ. ಏನ ಬರದಿ?"

"ನನ್ನ ಹೆಸರು ಬೇ," ಎಂದಳು ಸ್ನೇಹಲ್.

ರಾಯವ್ವ ಚುಕ್ಕಿಗಳ ಮೇಲೆ ಬೆರಳಾಡಿಸಿದರು.

"ತಿಕ್ಕಿ ಅಳಸಲೇನ್ರಿ?" ಎಂದೆ.

"ಬ್ಯಾಡ, ಇರಲಿ. ಆದರ ಬೀಗರ ಮನ್ಯಾಗ ಓದೋರು ಅದಾರ. ಇನ್ನೊಂದು ಕೊಡ ತಗಿ, ಅದರ ಮ್ಯಾಲ ರಂಜನಾ ಅಂತ ಅಷ್ಟ ಹಾಕು. ಇದನ್ನ ನಾ ಒಯ್ತೇನಿ. ಸ್ನೇಹಲ್ ನನ್ನ ಮನ್ಯಾಗರ ಇರಲಿ."

ಹಾಕಿಕೊಟ್ಟೆ. ರಾಯವ್ವ ಮೊದಲಿನ ಕೊಡವನ್ನು ಸೊಂಟಕ್ಕೇರಿಸಿಕೊಂಡು ಮುಂದೆ ನಡೆದರು. ಮಗಳು ಇನ್ನೊಂದನ್ನು ಹಿಡಿದು ಹಿಂದೆ ಹೋದಳು. ಒಮ್ಮೆ ಅವಳನ್ನು ಅವಳದೇ ಹೆಸರು ಹಿಡಿದು ಕರೆಯಬೇಕೆನಿಸಿತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವರು ಬಸ್‌ಸ್ಟ್ಯಾಂಡಿನ ಕಡೆ ತಿರುಗಿದ್ದರು.